ಕೆಂಪು ಸಿಲಿಂಡರು ಮತ್ತು ನಾವು ಕಾಮರ್ಸಿನವರು

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಚಾಳಿನ ಮೆಟ್ಟಿಲ ಕೆಳಗಿನ ಮೀಟರು ಬೋರ್ಡಿಗೆ ಬೆಂಕಿ ಹತ್ತಿತು. ಚಟಚಟ ಸದ್ದು, ರಬ್ಬರು ಸುಟ್ಟ ವಾಸನೆ. ಮಾವ ಬಾಲ್ದಿಯಲ್ಲಿ ನೀರು ತುಂಬಿಕೊಂಡು ಓಡಿದರು. ನಾನು ಪಕ್ಕದಲ್ಲೇ ಇದ್ದೆ. ಕರೆಂಟಿನ ಬೆಂಕಿಗೆ ನೀರು ಹಾಕಬಾರದು ಎಂದು ಊರಿನ ಕನ್ನಡ ಶಾಲೆಯಲ್ಲೇ ಕಲಿತವನು. ಆದರೂ "ಮಾವಾ, ನೀರು ಬೇಡ" ಎಂಬ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಷ್ಟರಲ್ಲಿ ಕೆಳಗಿನ ಮನೆಯ ಹುಡುಗನೊಬ್ಬ ಅವರ ಕೈಹಿಡಿದು ನಿಲ್ಲಿಸಿದ, ಮೇನ್ ಸ್ವಿಚ್ ಆರಿಸಿದ, ರಿಪೇರಿಗೆಂದು ತಂದಿಟ್ಟಿದ್ದ ಮರಳನ್ನು ಎರಚಿದ. ಬೆಂಕಿ ನಂದಿತು. ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅಕೌಂಟ್ಸ್ ಪೀರಿಯಡ್ಡಿನಲ್ಲಿ ಬಂದ ಲೆಕ್ಕ ಏನು ಗೊತ್ತೇ? ಗೋದಾಮಿಗೆ ಬೆಂಕಿ ಬಿದ್ದಿದೆ, ಸರಕು ಸುಟ್ಟಿದೆ, ವಿಮಾ ಕಂಪೆನಿಯಿಂದ ಎಷ್ಟು ಹಣ ಬರಬೇಕು? ಲೆಕ್ಕ ಸರಿಯಾಗಿಯೇ ಬಂತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎನ್ನುತ್ತಾರೆ ಹಿರಿಯರು. ನಾವು ಬಾವಿಯನ್ನೂ ತೋಡುವವರಲ್ಲ. ಬೂದಿಯ ಲೆಕ್ಕ ಬರೆಯುವವರು!

ಕ್ಲಾಸಿನಿಂದ ಹೊರಬಂದರೆ ಕಾರಿಡಾರಿನಲ್ಲಿ ಕೆಂಪು ಸಿಲಿಂಡರು ನೇತಾಡುತ್ತಿದೆ. ಮೂರು ವರ್ಷದಿಂದ ಅದರ ಕೆಳಗೇ ನಿಂತು ಹರಟೆ ಹೊಡೆದಿದ್ದೇವೆ. ಒಳಗಿರುವುದು ಇಂಗಾಲದ ಡೈ ಆಕ್ಸೈಡ್, ನಾವು ಪ್ರತಿ ಉಸಿರಿನಲ್ಲೂ ಹೊರಬಿಡುವ ಅನಿಲವೇ. ಶಾಲೆಯಲ್ಲಿ ಮೇಷ್ಟ್ರು ಲೋಟದಲ್ಲಿ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ, ಏಳುವ ಅನಿಲವನ್ನು ಮೇಣದ ಬತ್ತಿಯ ಮೇಲೆ 'ಸುರಿದು' ತೋರಿಸಿದ್ದರು. ಏನೂ ಬಿದ್ದದ್ದು ಕಾಣಲಿಲ್ಲ, ದೀಪ ಮಾತ್ರ ಆರಿತು. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಅದಕ್ಕೇ ಸುರಿಯಲು ಬರುತ್ತದೆ.

ಬೆಂಕಿಯ ವ್ಯಾಪಾರದಲ್ಲಿ ಮೂವರು ಪಾಲುದಾರರು: ಉರಿಯುವ ವಸ್ತು, ಶಾಖ, ಆಮ್ಲಜನಕ. ಒಬ್ಬ ಎದ್ದು ಹೋದರೂ ಅಂಗಡಿ ಮುಚ್ಚಿತು. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದೆ. ಇಂಗಾಲದ ಡೈ ಆಕ್ಸೈಡ್ ಬೆಂಕಿಯನ್ನು ಮುತ್ತಿಕೊಂಡು ಆ ಪಾಲನ್ನು ಸುಮಾರು 15ಕ್ಕಿಂತ ಕೆಳಗಿಳಿಸಿದರೆ ಸಾಮಾನ್ಯ ಜ್ವಾಲೆಗಳು ನಿಲ್ಲಲಾರವು. ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಒದ್ದೆ ಮಾಡುವುದಿಲ್ಲ, ಪುಡಿ ಉಳಿಸುವುದಿಲ್ಲ. ನಮ್ಮ ಮೀಟರು ಬೋರ್ಡಿಗೆ ಬೇಕಾಗಿದ್ದದ್ದು ಇದೇ.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ಕಟ್ಟಿಗೆ, ಬಟ್ಟೆ, ಕಾಗದದ ರಾಶಿಯ ಒಳಗಿನ ಕೆಂಡವನ್ನು ಇದು ತಣಿಸಲಾರದು. ಅನಿಲ ಚದುರಿದೊಡನೆ ಬೆಂಕಿ ಮತ್ತೆ ಏಳುತ್ತದೆ. ಉರಿಯುವ ಮೆಗ್ನೀಸಿಯಮ್ ಇದರಿಂದಲೇ ಆಮ್ಲಜನಕ ಕಿತ್ತುಕೊಂಡು ಇನ್ನೂ ಉರಿಯುತ್ತದೆ. ಹೊರಬರುವಾಗ ಅನಿಲ ಮೈನಸ್ 78 ಡಿಗ್ರಿಯ ಮಂಜಿನಂತಾಗುತ್ತದೆ. ತುದಿಯ ಕರಿಯ ತುತ್ತೂರಿಯನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಹೋದೀತು. ಮುಚ್ಚಿದ ಸಣ್ಣ ಕೋಣೆಯಲ್ಲಿ ಬಿಟ್ಟರೆ ಬೆಂಕಿಯ ಜೊತೆ ನಮ್ಮ ಉಸಿರೂ ನಿಂತೀತು. 1986ರಲ್ಲಿ ಆಫ್ರಿಕದ ಕ್ಯಾಮರೂನಿನಲ್ಲಿ ನ್ಯೋಸ್ ಸರೋವರದ ತಳದಿಂದ ಎದ್ದ ಇದೇ ಅನಿಲ ಒಂದೇ ರಾತ್ರಿ ಸುಮಾರು 1,700 ಜನರನ್ನು ಕೊಂದಿತು.

ಇಷ್ಟನ್ನೆಲ್ಲ ಗೆಳೆಯನೊಬ್ಬನಿಗೆ ಹೇಳಿದೆ. ಅವನಂದ: "ಬಿಡೋ ಮಾರಾಯಾ, ನಾವು ಕಾಮರ್ಸಿನವರು. ಅದೆಲ್ಲ ಸಾಯನ್ಸಿನವರ ಕೆಲಸ." ಬೆಂಕಿ ಯಾವ ಶಾಖೆಯವನೆಂದು ಕೇಳಿ ಸುಡುತ್ತದೆಯೇ? ಹಾಗೆ ನೋಡಿದರೆ ನಮ್ಮ ಕೆಲಸವೂ ಇದರಲ್ಲಿದೆ. ಈ ಜಾತಿಯ ಸಿಲಿಂಡರಿಗೆ ಒತ್ತಡ ತೋರಿಸುವ ಮುಳ್ಳು ಇರುವುದಿಲ್ಲ. ಒಳಗೆ ಎಷ್ಟಿದೆಯೆಂದು ತೂಗಿಯೇ ತಿಳಿಯಬೇಕು. ದಾಸ್ತಾನು ತೂಗಿ ಬರೆದಿಡಲು ಕಾಮರ್ಸಿನವರಿಗಿಂತ ಬೇರೆ ಯಾರು ಬೇಕು?

ಜ್ಞಾನ ನನ್ನಲ್ಲಿ ಇರಲಿಲ್ಲವೆಂದಲ್ಲ. ಇತ್ತು, ಅದೂ ತಾಯ್ನುಡಿಯಲ್ಲಿ. ಕೈಗೆ ಅಭ್ಯಾಸ ಇರಲಿಲ್ಲ, ಅಷ್ಟೆ. ಪರೀಕ್ಷೆಗಾಗಿ ಓದಿದ್ದು ಪರೀಕ್ಷೆಯ ಹಾಲಿನಲ್ಲೇ ಉಳಿಯಿತು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ವರ್ಷಕ್ಕೊಮ್ಮೆ, ಮರುಭರ್ತಿಗೆ ಹೋಗುವ ಸಿಲಿಂಡರೊಂದನ್ನು ಅಂಗಳದಲ್ಲಿ, ಬಲ್ಲವರ ಎದುರು, ವಿದ್ಯಾರ್ಥಿಗಳ ಕೈಯಿಂದಲೇ ಬಿಡಿಸಬೇಕು. ಪಿನ್ನು ಕೀಳುವುದು, ಬೆಂಕಿಯ ಬುಡಕ್ಕೆ ಗುರಿ ಇಡುವುದು, ಹಿಡಿ ಒತ್ತುವುದು, ಆಚೀಚೆ ಬೀಸುವುದು: ಸಣ್ಣ ಸಿಲಿಂಡರು ಅರ್ಧ ನಿಮಿಷವೂ ಬರುವುದಿಲ್ಲ, ಆಗ ಸೂಚನೆ ಓದುತ್ತ ಕೂರಲಾಗದು. ಮೇಲಿನ ಸೂಚನೆಯೋ ಬರೀ ಇಂಗ್ಲಿಷಿನಲ್ಲಿದೆ. ರಾತ್ರಿ ಕಾಯುವ ವಾಚ್‌ಮನ್‌ಗೆ ಅದನ್ನು ಓದಲು ಬರುವುದಿಲ್ಲ. ನಮ್ಮ ಸಂಘ ಕನ್ನಡ, ಮರಾಠಿ, ಹಿಂದಿಯಲ್ಲಿ ಒಂದು ಹಾಳೆ ಬರೆದು ಪಕ್ಕಕ್ಕೆ ಅಂಟಿಸಲಿ. ನಾಡಹಬ್ಬದ ಭಾಷಣಗಳ ಜೊತೆ ಇದೂ ಒಂದು ಕನ್ನಡದ ಕೆಲಸವೇ.

ಹಾಳೆ ಬರೆಯಲು ನಾನು ಸಿದ್ಧ. ಮಾವನಿಗೆ ಅಂದು ಹೇಳಲಾಗದೆ ಹೋದ ಮಾತು ಅದರ ಮೊದಲ ಸಾಲಾಗಲಿ.