ಹೊಟ್ಟೆ ಒಪ್ಪಿದ ಊಟ

ಹೊಸಪೇಟೆಯಲ್ಲಿ ಹುಟ್ಟಿ ‘ನನಗೆ ಒಗ್ಗರಣೆ-ಮಿರ್ಚಿ ಆಗಿಬರುವುದಿಲ್ಲ’ ಅಂದರೆ ಊರಿನವರು ಅಯ್ಯೋ ಪಾಪ ಅನ್ನುತ್ತಾರೆ. ನಾನು ಅಂಥವಳು. ದಿನಾ ಬಸ್ಸಿನಲ್ಲಿ ಕಂಪ್ಲಿಯ ಶಾಲೆಗೆ ಹೋಗಿಬರುವ ನನಗೆ ಕೆಲವು ವರ್ಷ ಕಮಲಾಪುರ ದಾಟುವುದೇ ದೊಡ್ಡ ಪರೀಕ್ಷೆಯಾಗಿತ್ತು. ಹೊಟ್ಟೆ ಗುಡುಗುಡು ಅನ್ನಲು ಶುರುವಾದರೆ ‘ಅಣ್ಣಾ, ಇಲ್ಲೇ ಇಳಸ್ರೀ’ ಎಂದು ಕಂಡಕ್ಟರನ್ನು ಬೇಡಿಕೊಳ್ಳಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಟರೆ ಮೊದಲ ಪೀರಿಯಡ್ಡಿಗೇ ತಲೆ ತಿರುಗುತ್ತಿತ್ತು. ಕೆಲಸ ಬಿಟ್ಟುಬಿಡೋಣವೆ ಎಂಬಲ್ಲಿಯವರೆಗೂ ಮನೆಯಲ್ಲಿ ಮಾತು ಬಂದಿತ್ತು.

ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದವು. ವೈದ್ಯರು ಇದಕ್ಕೆ ಐಬಿಎಸ್, ಅಂದರೆ ಇರಿಟೆಬಲ್ ಬೊವೆಲ್ ಸಿಂಡ್ರೋಮ್ ಎಂದರು. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಆದರೆ ಅದು ಸಣ್ಣದಕ್ಕೂ ಕೆರಳುತ್ತದೆ. 2016ರಲ್ಲಿ ಬಂದ ‘ರೋಮ್ 4’ ಮಾನದಂಡದ ಪ್ರಕಾರ, ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಬಂದು, ಅದರ ಜೊತೆಗೆ ಮಲವಿಸರ್ಜನೆಯ ಲೆಕ್ಕವೋ ಸ್ವರೂಪವೋ ಬದಲಾಗುತ್ತಿದ್ದರೆ ಐಬಿಎಸ್ ಎಂದು ಯೋಚಿಸುತ್ತಾರೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಮಾತ್ರ ಅಡುಗೆಮನೆಯ ಪ್ರಯೋಗ ಬೇಡ. ನೇರ ವೈದ್ಯರ ಬಳಿಗೆ ಹೋಗಬೇಕು. ಗೋಧಿ ಬಿಡುವ ಮೊದಲು ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮುಗಿಸುವುದೂ ಒಳ್ಳೆಯದು. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಅದು ಸರಿಯಾದ ಉತ್ತರ ಕೊಡದೇ ಇರಬಹುದು.

ಆಮೇಲೆ ಬಂತು ಊಟದ ಮಾತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ‘ಲೋ ಫಾಡ್‌ಮ್ಯಾಪ್’ ಎಂಬ ಪದ್ಧತಿ ಇದೆ. ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳುವುದಿಲ್ಲ. ಅವು ನೀರನ್ನು ಎಳೆದುಕೊಳ್ಳುತ್ತವೆ. ದೊಡ್ಡ ಕರುಳಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ಇದು ಎಲ್ಲರ ಹೊಟ್ಟೆಯಲ್ಲೂ ನಡೆಯುವುದೇ. ನಮ್ಮಂಥವರ ಕರುಳಿಗೆ ಆ ಉಬ್ಬರ ನೋವಾಗಿ ತಿಳಿಯುತ್ತದೆ, ಅಷ್ಟೇ ವ್ಯತ್ಯಾಸ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳುಗಳು, ಸೇಬು, ಮಾವು ಈ ಪಟ್ಟಿಯಲ್ಲಿ ಮುಂದಿವೆ.

ಪಟ್ಟಿ ಓದಿದಾಗ ಎದೆ ಒಡೆಯಿತು. ಈರುಳ್ಳಿಯಿಲ್ಲದ ಅಡುಗೆ ನಮ್ಮ ಕಡೆ ಅಡುಗೆಯೆ? ಆದರೆ ತಣ್ಣಗೆ ಕೂತು ನೋಡಿದಾಗ ನಮ್ಮ ನೆಲದ ಊಟ ನನ್ನ ಪಕ್ಷದಲ್ಲೇ ಇತ್ತು. ಜೋಳದ ರೊಟ್ಟಿಗೆ ತಕರಾರಿಲ್ಲ. ತುಂಗಭದ್ರೆಯ ಕಾಲುವೆ ನೀರುಂಡು ಬೆಳೆದ ಕಂಪ್ಲಿಯ ಅಕ್ಕಿಗೂ ತಕರಾರಿಲ್ಲ. ಶೇಂಗಾ ಆಗುತ್ತದೆ, ಆಗದಿರುವುದು ಗೋಡಂಬಿ. ಮಂಡಕ್ಕಿ ಕೂಡ ನಿರಪರಾಧಿ! ಒಗ್ಗರಣೆ ಮಂಡಕ್ಕಿಯಲ್ಲಿ ಕಾಡುತ್ತಿದ್ದುದು ಈರುಳ್ಳಿ ಮತ್ತು ಪುಟಾಣಿ ಪುಡಿ. ಪಕ್ಕದಲ್ಲಿ ಕೂರುವ ಮಿರ್ಚಿಯ ಸಂಗತಿ ಬೇರೆ: ಕಡಲೆಹಿಟ್ಟು, ಎಣ್ಣೆ, ಮೆಣಸಿನಕಾಯಿಯ ಖಾರ, ಮೂರೂ ಸೇರಿ ಹೊಡೆಯುತ್ತವೆ. ಅದರ ಪರವಾಗಿ ವಾದಿಸಲು ನನ್ನ ಬಳಿ ಏನೂ ಇಲ್ಲ.

ಬೆಳ್ಳುಳ್ಳಿಯ ವಿಷಯದಲ್ಲಿ ಒಂದು ಚಂದದ ಉಪಾಯವಿದೆ. ಅದರಲ್ಲಿ ಕಾಡುವ ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ಎಸಳು ಹುರಿದು ತೆಗೆದುಹಾಕಿದರೆ ಘಮ ಉಳಿಯುತ್ತದೆ, ಕಾಟ ಎಸಳಿನ ಜೊತೆಗೇ ಹೋಗುತ್ತದೆ. ಸಾರಿನಲ್ಲಿ ಕುದಿಸಿ ತೆಗೆದರೆ ಮಾತ್ರ ಪ್ರಯೋಜನವಿಲ್ಲ. ನಮ್ಮ ಅತ್ತೆಗೆ ಇದನ್ನು ಹೇಳಿದಾಗ, ‘ಅಷ್ಟೆಲ್ಲಾ ಯಾಕವಾ, ಹಬ್ಬದ ದಿನ ಉಳ್ಳಾಗಡ್ಡಿ ಮುಟ್ಟದ ಇಂಗಿನಾಗ ಸಾರು ಮಾಡಂಗಿಲ್ಲೇನು?’ ಅಂದರು. ಅವರು ಹೇಳಿದ್ದೇ ಸರಿ, ನಾನು ಕಲಿಯಬೇಕಾದ ಅರ್ಧ ಅಡುಗೆ ಹಬ್ಬದ ಅಡುಗೆಯಲ್ಲೇ ಇತ್ತು. ಅಂಗಡಿಯ ಇಂಗಿಗೆ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುವುದುಂಟು. ಚಿಟಿಕೆ ಇಂಗಿನಿಂದ ನನಗೇನೂ ಆಗಲಿಲ್ಲ, ಆದರೆ ಸೀಲಿಯಾಕ್ ಇರುವವರು ಡಬ್ಬಿಯ ಮೇಲಿನ ಅಕ್ಷರ ಓದಬೇಕು. ಈರುಳ್ಳಿ ಗಿಡದ ಹಸಿರು ಎಲೆಯನ್ನಷ್ಟೇ ಹೆಚ್ಚಿ ಪಲ್ಯಕ್ಕೆ ಹಾಕಿಕೊಳ್ಳುತ್ತೇನೆ. ಕಾಳುಗಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುತ್ತೇನೆ.

ಈ ಪದ್ಧತಿಯಲ್ಲಿ ಜನ ಅರ್ಧಕ್ಕೇ ನಿಂತುಬಿಡುತ್ತಾರೆ ಎಂಬುದು ನನ್ನ ದೂರು. ಎಲ್ಲ ಬಿಡುವುದು ಎರಡರಿಂದ ಆರು ವಾರ ಮಾತ್ರ. ಆಮೇಲೆ ಒಂದೊಂದನ್ನೇ ವಾಪಸು ಕರೆಯಬೇಕು: ಮೂರು ದಿನ, ಸ್ವಲ್ಪದಿಂದ ಶುರುಮಾಡಿ ಹೆಚ್ಚಿಸುತ್ತಾ. ವರ್ಷಗಟ್ಟಲೆ ಎಲ್ಲ ಬಿಟ್ಟು ಕೂತರೆ ಒಳ್ಳೆಯ ಬ್ಯಾಕ್ಟೀರಿಯಾಗೂ ಉಪವಾಸ, ನಮಗೂ ಪೌಷ್ಟಿಕಾಂಶದ ಕೊರತೆ. ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಹೋದೆ. ಒಂದು ಚಪಾತಿ ಸೈ, ಮೂರಾದರೆ ಇಲ್ಲ. ಹಾಲು ಹಾಕಿದ ಒಂದು ಲೋಟ ಚಹಾ ಸೈ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಒಂದಿಷ್ಟು ತಿಂದಿರುವುದರಿಂದಲೋ ಏನೋ, ಮಜ್ಜಿಗೆ ಹಾಲಿಗಿಂತ ಸಲೀಸು. ಬಾಳೆಹಣ್ಣು ಕಪ್ಪು ಚುಕ್ಕೆ ಬೀಳುವಷ್ಟು ಮಾಗಿದರೆ ಬೇಡ, ಗಟ್ಟಿಯಿದ್ದರೆ ಆಗುತ್ತದೆ. ಹಸಿ ಈರುಳ್ಳಿ ನನ್ನ ಪಾಲಿಗೆ ಮುಗಿದ ಕಥೆ. ನನ್ನ ತಂಗಿಗೂ ಇದೇ ತೊಂದರೆ. ಅವಳಿಗೆ ಈರುಳ್ಳಿ ಏನೂ ಮಾಡುವುದಿಲ್ಲ, ಹಾಲು ಕಾಡುತ್ತದೆ. ನನ್ನ ಪಟ್ಟಿ ನಿಮ್ಮದಾಗಲಾರದು.

ಮಕ್ಕಳ ಮೇಲೆ ಮಾತ್ರ ಈ ಪ್ರಯೋಗವನ್ನು ನೀವಾಗಿಯೇ ಮಾಡಬೇಡಿ. ಬೆಳೆಯುವ ದೇಹಕ್ಕೆ ಹಾಲು, ಕಾಳು, ಹಣ್ಣು ಬೇಕು. ವೈದ್ಯರು, ಆಹಾರ ತಜ್ಞರು ಜೊತೆಗಿರಬೇಕು. ಪರೀಕ್ಷೆಯ ದಿನವೇ ಹೊಟ್ಟೆನೋವು ಅನ್ನುವ ಹುಡುಗನನ್ನು ‘ನಾಟಕ’ ಎಂದು ಗದರಿಸುವುದೂ ಬೇಡ. ಮೆದುಳಿಗೂ ಕರುಳಿಗೂ ನರಗಳ ನೇರ ಸಂಪರ್ಕವಿದೆ; ಹೆದರಿಕೆ ಹೊಟ್ಟೆಯಲ್ಲಿ ನಿಜವಾದ ನೋವಾಗಿಯೇ ಕೂರುತ್ತದೆ. ನನಗೂ ಬಸ್ಸಿನ ಭಯ ಕಡಿಮೆಯಾದ ಮೇಲೆ ಬಸ್ಸಿನ ಹೊಟ್ಟೆನೋವು ಕಡಿಮೆಯಾಯಿತು. ಊಟ ಬದಲಾಗಿದ್ದಕ್ಕೆ ಭಯ ಇಳಿಯಿತೋ, ಭಯ ಇಳಿದಿದ್ದಕ್ಕೆ ಊಟ ಒಗ್ಗಿತೋ ಬಿಡಿಸಿ ಹೇಳಲಾರೆ.

ಈಗ ಬೆಳಗ್ಗೆ ಒಂದು ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ, ಮೇಲೊಂದಿಷ್ಟು ಮೊಸರು ತಿಂದು ಬಸ್ ಹತ್ತುತ್ತೇನೆ. ನೋಟ್‌ಬುಕ್ಕಿನಲ್ಲಿ ಈ ವಾರದ ಸರದಿ ಮಾವಿನಹಣ್ಣಿನದು. ಸೋಮವಾರ ಎರಡು ಹೋಳು ತಿಂದೆ, ಏನೂ ಆಗಲಿಲ್ಲ. ಇವತ್ತು ನಾಲ್ಕು.