ಬೆಚ್ಚಿದ್ದೋ, ಬೆರಗಾದದ್ದೋ?

ಕಳೆದ ತಿಂಗಳು ನನ್ನ ಮೊಮ್ಮಗನಿಗೆ 4 ವರ್ಷ ತುಂಬಿತು. ಅವನಿಗೆ ಸರ್‌ಪ್ರೈಸ್ ಕೊಡೋಣವೆಂದು ಮನೆಯವರೆಲ್ಲ ಮಾತಾಡಿಕೊಂಡೆವು. ಸಂಜೆ ಅವನನ್ನು ಪಾರ್ಕಿಗೆ ಕರೆದೊಯ್ಯುವ ಕೆಲಸ ನನ್ನದು. ವಾಪಸು ಬಂದಾಗ ಹಜಾರವೆಲ್ಲ ಕತ್ತಲೆ. ಬಾಗಿಲು ತೆಗೆದವನು ನಾನೇ. ಪಟ್ಟನೆ ದೀಪ ಹತ್ತಿತು. ಸೋಫಾದ ಹಿಂದೆ, ಪರದೆಯ ಹಿಂದೆ ಅಡಗಿದ್ದ 15 ಜನ ಒಟ್ಟಿಗೆ "ಹ್ಯಾಪಿ ಬರ್ತ್‌ಡೇ" ಎಂದು ಕೂಗಿದರು. ಜೊತೆಗೆ ಒಂದು ಬಲೂನೂ ಒಡೆಯಿತು. ಮಗು ನನ್ನ ಕಾಲು ತಬ್ಬಿಕೊಂಡು ಒಂದೇ ಸಮನೆ ಅಳತೊಡಗಿತು.

"ಅಯ್ಯೋ ಪುಕ್ಕಲ!" ಎಂದು ಯಾರೋ ನಕ್ಕರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ.

ಆಮೇಲೆ ಎರಡು ದಿನ ಅವನು ಹಜಾರದ ಬಾಗಿಲಲ್ಲೇ ನಿಂತು, "ತಾತ, ನೀನು ಮೊದ್ಲು ಹೋಗು" ಎನ್ನುತ್ತಿದ್ದ. ಅದು ನನ್ನ ಮನಸ್ಸನ್ನು ಚುಚ್ಚಿತು. ಐದನೇ ತರಗತಿಯಲ್ಲಿರುವ ಅವನ ಅಕ್ಕ ಹೇಳಿದಳು: "ನಮಗೆಲ್ಲ ಗೊತ್ತಿತ್ತು ತಾತ, ಅವನಿಗೊಬ್ಬನಿಗೇ ಗೊತ್ತಿರಲಿಲ್ಲ. ಒಳಗೆ ಅಮ್ಮ ಇರ್ತಾಳೆ ಅಂದ್ಕೊಂಡು ಬಂದ."

ಸರಿಯಾದ ಮಾತು. ನಾನು 35 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಪುಸ್ತಕದ ಮೊತ್ತವೂ ಪೆಟ್ಟಿಗೆಯ ನಗದೂ ತಾಳೆಯಾಗಬೇಕು. 10 ರೂಪಾಯಿ ಕಡಿಮೆಯಾದರೂ ಎದೆ ಧಸಕ್ಕೆನ್ನುತ್ತಿತ್ತು, ಹೆಚ್ಚಾದರೂ ಅಷ್ಟೇ! ಅಚ್ಚರಿಯೂ ಹೀಗೇ. ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಆ ಕ್ಷಣ ಹುಬ್ಬೇರುತ್ತದೆ, ಕಣ್ಣರಳುತ್ತದೆ, ಬಾಯಿ ತೆರೆಯುತ್ತದೆ. ಅದರೊಳಗೆ ಹೆದರಿಕೆ ಸೇರಿದರೆ ಬೆಚ್ಚುತ್ತೇವೆ, ಸಂತೋಷ ಸೇರಿದರೆ ಬೆರಗಾಗುತ್ತೇವೆ. ಭರತನ ನಾಟ್ಯಶಾಸ್ತ್ರದಲ್ಲೂ ಭಯಾನಕ ಬೇರೆ ರಸ, ವಿಸ್ಮಯದಿಂದ ಹುಟ್ಟುವ ಅದ್ಭುತ ಬೇರೆ ರಸ. ಆದರೆ ಪುಟ್ಟ ಮಗುವಿಗೆ ತನ್ನೊಳಗೆ ಆದದ್ದು ಯಾವುದೆಂದು ಹೇಳಲು ಮಾತು ಬೇಕಲ್ಲ. ಆ ಮಾತನ್ನು ನಾವೇ ಕೊಡಬೇಕು.

ಮೂರನೆಯ ದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಅವತ್ತು ಬೆಚ್ಚಿಬಿದ್ದೆ ಅಲ್ವಾ ಕಂದ? ನಾನು ನಕ್ಕಿದ್ದು ತಪ್ಪು" ಎಂದೆ. ಅವನು ತಲೆಯಾಡಿಸಿದ. ಆಮೇಲೆ ಒಂದು ಬಕೆಟ್ ನೀರು, ಎರಡು ಕಿತ್ತಳೆ ಹಣ್ಣು ತಂದೆ.

"ಇದು ಮುಳುಗತ್ತೋ, ತೇಲತ್ತೋ?"

"ಮುಳುಗತ್ತೆ!"

ಹಾಕಿದೆ. ತೇಲಿತು. ಅವನ ಹುಬ್ಬು ಮೇಲೇರಿತು. ಇನ್ನೊಂದರ ಸಿಪ್ಪೆ ಸುಲಿದು, "ಇದು?" ಎಂದೆ. ಈಗ ಅನುಭವಸ್ಥ ನೋಡಿ, "ತೇಲತ್ತೆ!" ಎಂದ. ಸುಲಿದ ಹಣ್ಣು ಸೀದಾ ತಳಕ್ಕೆ ಹೋಯಿತು. ಬಾಯಿ ತೆರೆದು ನನ್ನನ್ನೇ ನೋಡಿದ, ಮರುಕ್ಷಣ ಕಿಲಕಿಲ ನಕ್ಕ. "ಇದಕ್ಕೆ ಬೆರಗು ಅಂತಾರೆ" ಎಂದೆ.

"ಸಿಪ್ಪೆ ತೆಗೆದ್ರೆ ಹಗುರ ಆಗ್ಬೇಕಲ್ವಾ ತಾತ, ಯಾಕೆ ಮುಳುಗ್ತು?" ಅಕ್ಕನ ಪ್ರಶ್ನೆ. ಸಿಪ್ಪೆಯಲ್ಲಿ ಸಣ್ಣ ಸಣ್ಣ ಗಾಳಿಯ ಗೂಡುಗಳಿವೆ. ಈಜು ಕಲಿಯುವವರು ಕಟ್ಟಿಕೊಳ್ಳುವ ಟ್ಯೂಬಿನಂತೆ ಅದು ಹಣ್ಣನ್ನು ತೇಲಿಸುತ್ತದೆ. ಬೆರಗಿನ ಬೆನ್ನಿಗೇ "ಯಾಕೆ?" ಬರುತ್ತದೆ. ಬೆಚ್ಚಿದ ಮಗುವಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ, ಅಮ್ಮನ ಸೆರಗು ಬೇಕಾಗುತ್ತದೆ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಪುಟ್ಟ ಮಕ್ಕಳಿಗೆ ಅಚ್ಚರಿ ಕೊಡಿ, ಆದರೆ ಕತ್ತಲೆ, ಕೂಗು ಬೇಡ. "ಒಳಗೆ ಏನೋ ಇದೆ, ಏನಿರಬಹುದು ಹೇಳು?" ಎಂದು ಬಾಗಿಲಲ್ಲೇ ಕಿವಿಯಲ್ಲಿ ಹೇಳಿದರೂ ಖುಷಿ ಕಡಿಮೆಯಾಗುವುದಿಲ್ಲ. ಅತ್ತರೆ ನಗಬೇಡಿ, ಎತ್ತಿಕೊಳ್ಳಿ.

ಮಕ್ಕಳೇ, ಕಿತ್ತಳೆಯ ಪರೀಕ್ಷೆಯನ್ನು ಇವತ್ತೇ ಮಾಡಿ. ಮೊದಲು ಮನೆಯ ಹಿರಿಯರ ಅಂದಾಜು ಕೇಳುವುದನ್ನು ಮರೆಯಬೇಡಿ. ನನ್ನ ಮೊಮ್ಮಗ ಅಂದು ಸಂಜೆಯೇ ಅಜ್ಜಿಯನ್ನು ಬಕೆಟ್ಟಿನ ಮುಂದೆ ಕೂರಿಸಿ ಹೇಳಿದ: "ಹೆದರ್ಬೇಡ ಅಜ್ಜಿ, ನಾನು ಕೂಗಲ್ಲ. ಸುಮ್ನೆ ನೋಡು."