ಕಸ ಅಂತ ಹೇಳೋಕೆ ನೀವ್ಯಾರು?

ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದು ಅಂದ ಕೂಡಲೇ "ಬೇಡದ್ದೆಲ್ಲ ಅಳಿಸಿ ಸಾರ್" ಅನ್ನೋರನ್ನ ಕಂಡ್ರೆ ನನಗೀಗ ಮೈಯೆಲ್ಲ ಉರಿಯುತ್ತೆ. ಹೋದ ತಿಂಗಳು ರಿಪೇರಿ ಅಂಗಡಿಯ ಹುಡುಗ ಹಾಗೇ ಮಾಡಿದ. ಅಪ್ಪ 'ಬರಹ' ತಂತ್ರಾಂಶದಲ್ಲಿ ಒಂದೊಂದೇ ಬೆರಳಲ್ಲಿ ಕುಟ್ಟಿದ್ದ ಊರಿನ ನೆನಪುಗಳು ಹೋದವು. "ಓಪನ್ನೇ ಆಗ್ತಿರ್ಲಿಲ್ಲ ಸಾರ್, ಹಳೇವು" ಅಂದ. ಅಷ್ಟೂ ಸೇರಿ 4 ಎಂಬಿ ಸ್ವಾಮೀ, 4 ಎಂಬಿ!

ಅದೇ ಸಿ ಡ್ರೈವಿನಲ್ಲಿ ಹೈಬರ್‌ಫಿಲ್.ಸಿಸ್ ಅನ್ನೋ ಕಡತ 6 ಜಿಬಿಗೂ ಮಿಕ್ಕಿ ಕಾಲು ಚಾಚಿ ಮಲಗಿತ್ತು. ಹೈಬರ್ನೇಟ್ ಮಾಡುವಾಗ ರ‍್ಯಾಮಿನಲ್ಲಿರೋದನ್ನ ಬರೆದಿಡೋಕೆ ವಿಂಡೋಸ್ ಕಾದಿರಿಸೋ ಜಾಗ ಅದು, ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟು. ನನ್ನದು 16 ಜಿಬಿ ರ‍್ಯಾಮು. ಹೈಬರ್ನೇಟ್ ಅಂತೂ ನಾನು ಮಾಡಿದ್ದೇ ಇಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಟ್ಟೆ (ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು ಮತ್ತೆ), ಕಡತ ಮಾಯ. ಫಾಸ್ಟ್ ಸ್ಟಾರ್ಟಪ್ಪೂ ಅದರ ಜೊತೆ ಹೋಗುತ್ತೆ. ಹೋಗಲಿ ಬಿಡಿ.

ಹಳೇ ಹಾರ್ಡ್‌ಡಿಸ್ಕ್ ಆಗಿದ್ರೆ ಅಳಿಸಿದ್ದನ್ನ ಹೆಕ್ಕಿ ತೆಗೆಯೋ ಆಸೆಯಾದ್ರೂ ಇರ್ತಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಆದಮೇಲೆ ಅದೂ ಇಲ್ಲ. ರಿಕವರಿಯವರು ಕೈಚೆಲ್ಲಿದರು.

ಬ್ಯಾಕಪ್ ಯಾಕೆ ಇಟ್ಟಿರಲಿಲ್ಲ ಅಂತ ಕೇಳ್ತೀರಿ, ಗೊತ್ತು. ಬೈಯಿರಿ, ಬೈಸಿಕೊಳ್ತೀನಿ. ಆದರೆ ಸೆಟ್ಟಿಂಗ್ಸಿಗೆ ಹೋಗಿ ಯಾವುದು ಎಷ್ಟು ಜಾಗ ತಿಂತಿದೆ ಅಂತ ನೋಡದೇ ಪೊರಕೆ ಹಿಡಿಯೋರ ಕೈಗೆ ಇನ್ನು ಲ್ಯಾಪ್‌ಟಾಪ್ ಕೊಡಲ್ಲ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಯುಗಾದಿಗೆ ಊರಿಗೆ ಹೋಗಬೇಕು.